ಮುಂಬಾಗಿಲಿಗೆ ಬಂದ ಗಿರಣಿ

ನಿನ್ನೆ ಮಧ್ಯಾಹ್ನ ಪಕ್ಕದ ಮನೆಯಲ್ಲಿ ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಕಿಟಕಿ ಮುಚ್ಚಲು ಎದ್ದವಳು ಮುಚ್ಚಲಿಲ್ಲ. ಸೀನುತ್ತಾ ಅಲ್ಲೇ ನಿಂತೆ. ಬ್ಯಾಡಗಿಯ ನಮ್ಮ ಓಣಿಯ ಗಿರಣಿ ಕಾಕಾ ನೆನಪಾದರು...

ನಾನು ಕಾನ್ವೆಂಟಿಗೆ ಹೋಗುತ್ತಿದ್ದ ಕಾಲಕ್ಕೆ ಕಾಕಾರದು ಒಂದು ತಗಡಿನ ಚಪ್ಪರ, ಒಳಗೆ ಖಾರ ಕುಟ್ಟುವ ಒಂದೇ ಯಂತ್ರ. ಬೇಸಿಗೆ ಬಂತೆಂದರೆ ಹೆಂಗಸರು ತೊಟ್ಟು ಬಿಡಿಸಿದ ಮೆಣಸಿನಕಾಯಿ ತಂದು ಸಾಲಾಗಿ ಕೂರುತ್ತಿದ್ದರು. ಒಬ್ಬರದು ಮುಗಿದ ಮೇಲೆ ಕಾಕಾ ಯಂತ್ರ ನಿಲ್ಲಿಸಿ, ಹಳೇ ಸೀರೆಯ ತುಂಡಿನಿಂದ ಮೂಲೆ ಮೂಲೆ ಒರೆಸಿ, ಆಮೇಲೆಯೇ ಇನ್ನೊಬ್ಬರದನ್ನು ಸುರಿಯುತ್ತಿದ್ದರು.

"ಲಗೂ ಮಾಡ್ರಿ ಅಣ್ಣಾರ, ಮಷಿನ್ನಿಗೆ ಜಳಕಾ ಮಾಡಸಾಕತ್ತೀರೇನು?" ಎಂದು ಅವ್ವ ಕಾಡಿಸುತ್ತಿದ್ದಳು.

"ನಿನ್ನ ಮನಿ ಖಾರ ಬ್ಯಾರೆ, ಆಕಿ ಮನಿ ಖಾರ ಬ್ಯಾರೆ. ಕೂಡಿಸಿದ್ರ ನಾಳೆ ಇಬ್ಬರೂ ನನ್ನ ಬೈತೀರಿ."

ನಾನು ಮದುವೆಯಾಗಿ ರಾಣೆಬೆನ್ನೂರಿಗೆ ಬಂದ ಮೇಲೆ ಕಾಕಾರ ಮಗ ಪೊಟ್ಟಣದ ಖಾರಪುಡಿ ಶುರು ಮಾಡಿದ. ನೋಡನೋಡುತ್ತಾ ಆ ವ್ಯಾಪಾರದಲ್ಲಿ ಅವರೇ ಎಲ್ಲರಿಗಿಂತ ದೊಡ್ಡವರಾದರು. ಊರ ಹೊರಗೆ ಫ್ಯಾಕ್ಟರಿ ಬಂತು, ಹೊಸ ಹೆಸರು ಬಂತು. ಯಾವ ಊರಲ್ಲಿ ಕೊಂಡರೂ ಒಂದೇ ರುಚಿ ಎಂಬುದು ಅವರ ಹೆಮ್ಮೆಯಾಯಿತು. ಕಾಕಾ ಮಗನಲ್ಲಿ ಕೇಳಿಕೊಂಡಿದ್ದು ಇಷ್ಟೇ: ಒಂದು ಮೂಲೆಯಲ್ಲಿ ಹಳೇ ಯಂತ್ರ ನಡೆಯುತ್ತಿರಲಿ, ಓಣಿಯವರು ತಮ್ಮ ತಮ್ಮ ಮೆಣಸಿನಕಾಯಿ ತರುತ್ತಿರಲಿ. ಮಗ ಹೂಂ ಅಂದಿದ್ದನಂತೆ.

ಅದನ್ನು ನಂಬಿ ಒಂದು ಬೇಸಿಗೆ ನಾನೂ ಚೀಲ ಹೊತ್ತು ಹೋದೆ. ಫ್ಯಾಕ್ಟರಿಯ ಮುಂಬಾಗಿಲ ಹಜಾರದಲ್ಲೇ ಯಂತ್ರವಿತ್ತು. ಕೆಂಪು ಬಣ್ಣ ಬಳಿದು, ಸುತ್ತ ಹಗ್ಗ ಕಟ್ಟಿ, ಮೇಲೊಂದು ದೀಪ ಇಳಿಬಿಟ್ಟಿದ್ದರು. ಪಕ್ಕದ ಫಲಕದಲ್ಲಿ 'ನಮ್ಮ ಪರಂಪರೆ' ಎಂದಿತ್ತು. ಎದುರಿನ ಕುರ್ಚಿಯಲ್ಲಿ ಕಾಕಾ, ಇಸ್ತ್ರಿ ಮಾಡಿದ ಅಂಗಿಯಲ್ಲಿ.

"ಬಾರವ್ವಾ ಮಗಳ..." ಎಂದವರು ನನ್ನ ಚೀಲ ಕಂಡು ಕುರ್ಚಿಯಿಂದ ಎದ್ದರು.

"ಚಾಲೂ ಮಾಡ್ರಿ ಕಾಕಾ," ಎಂದೆ ನಗುತ್ತಾ.

"ಅದರ ಹೊಟ್ಟ್ಯಾಗ ಏನೂ ಉಳದಿಲ್ಲವ್ವಾ. ಮೋಟಾರ ತಗದಾರ."

ಅಷ್ಟರಲ್ಲಿ ಮಗ ಬಂದ. ಒಳ್ಳೆಯವನೇ, ಮಾತೂ ಮೆದು. "ಅಕ್ಕಾರ, ಹೊರಗಿನ ಮಾಲು ಒಳಗ ಬಿಡಾಕ ಬರಂಗಿಲ್ರಿ. ನಾವೀಗ ಮೊದಲಿನ ಗಿರಣಿಯವರಲ್ಲ," ಎಂದು ಎರಡು ಪೊಟ್ಟಣ ನನ್ನ ಕೈಗಿಟ್ಟ. "ಅಪ್ಪಾ ಬೇಕಂದ್ರು ಅಂತ ಮಷಿನ್ ಇಟ್ಟೇವಲ್ಲ!"

"ಹೂಂ, ನನ್ನೂ ಇಟ್ಟೀರಿ," ಎಂದರು ಕಾಕಾ.

ಮಗ ನಕ್ಕ. ಅದನ್ನು ಅವನು ತಮಾಷೆ ಎಂದೇ ತಿಳಿದ.

ಗೇಟಿನ ತನಕ ನನ್ನ ಚೀಲವನ್ನು ಕಾಕಾರೇ ಹೊತ್ತು ತಂದರು. "ಬಸ್ ಬಂತು, ಹತ್ತು" ಎಂದು ಚೀಲ ನನ್ನ ಕೈಗಿಟ್ಟರು...

ಕಾಕಾ ತೀರಿಕೊಂಡು ಕೆಲವು ವರ್ಷಗಳಾದವು. ಈಗ ನಾನೂ ಪೊಟ್ಟಣವನ್ನೇ ತರುತ್ತೇನೆ. ಬಿಸಿಲಿಗೆ ಹರವಿ, ತೊಟ್ಟು ಬಿಡಿಸಿ ಕೂರುವ ತ್ರಾಣ ಯಾರಿಗಿದೆ? ಖಾರ ಚೆನ್ನಾಗಿಯೇ ಇರುತ್ತದೆ, ಸುಳ್ಳೇಕೆ ಹೇಳಲಿ. ಪೊಟ್ಟಣದ ಹಿಂಬದಿಗೆ ಕಾಕಾರ ಚಿತ್ರ ಹಾಕಿದ್ದಾರೆ. ಹುಬ್ಬಿನ ಮೇಲೆ, ಕಿವಿಯ ಸಂದಿಯಲ್ಲಿ ಸದಾ ಕೂತಿರುತ್ತಿದ್ದ ಕೆಂಪು ಪುಡಿ ಆ ಮುಖದಲ್ಲಿಲ್ಲ. ಎಷ್ಟು ಹೊತ್ತು ನೋಡಿದರೂ ಅದು ನಮ್ಮ ಕಾಕಾ ಅನ್ನಿಸುವುದಿಲ್ಲ.