ಅಕ್ಕ ಹಾಕಿದ ಸಹಿ

ಮಣ್ಣಿನ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಲು ನಾನು ಎಂಟು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದೆ. ಪ್ರತಿ ಸಲವೂ ಪಿರಿಯಾಪಟ್ಟಣದಿಂದ ಮೈಸೂರಿಗೆ ಬಸ್ಸು ಹತ್ತಬೇಕಿತ್ತು. ನಮ್ಮ ಕಡೆ ಇನ್ನೂ ಇಂಟರ್ನೆಟ್ ಸೆಂಟರ್ ಬಂದಿರಲಿಲ್ಲ. ಕೊನೆಗೆ ಸೀಟು ಕೊಟ್ಟವು ಎರಡೇ. ಒಂದು ಲಂಡನ್ನಿನದು, ಹೆಸರು ಕೇಳಿದರೆ ನಮ್ಮ ಕಾಲೇಜಿನ ಮೇಷ್ಟ್ರುಗಳೂ ಹುಬ್ಬೇರಿಸುವಂಥದ್ದು. ಇನ್ನೊಂದು ಸ್ಕಾಟ್ಲೆಂಡಿನ ಯಾವುದೋ ಚಿಕ್ಕ ಊರಿನದು. ಆದರೆ ಅವರು ಅರ್ಧ ಫೀಸು ಬಿಡುವುದಾಗಿ ಬರೆದಿದ್ದರು.

ಒಂದು ವಾರ ಎರಡೂ ಕಾಗದಗಳನ್ನು ಮುಂದಿಟ್ಟುಕೊಂಡು ಕೂತೆ. ಹೊರದೇಶದವರಿಗೆ ಫೀಸೇ ಬೇರೆ. ಪೌಂಡನ್ನು ರೂಪಾಯಿ ಮಾಡಿದಾಗಲೆಲ್ಲ ಎಲ್ಲೋ ಒಂದು ಸೊನ್ನೆ ಹೆಚ್ಚಾಯಿತೇನೋ ಅನ್ನಿಸಿ ಮತ್ತೆ ಗುಣಿಸುತ್ತಿದ್ದೆ. ಹೊಗೆಸೊಪ್ಪಿನ ಹರಾಜು ಮುಗಿಸಿ ಬಂದ ಅಪ್ಪ ಕೇಳಿದರು:

“ಯಾವುದ್ರಲ್ಲಿ ಚೆನ್ನಾಗಿ ಕಲಿಸ್ತಾರೆ?”

“ಎರಡ್ರಲ್ಲೂ.”

“ಅಂಗಾರೆ ಅರ್ಧ ಬುಡೋರತ್ರ ವೋಗು.”

ಅಲ್ಲಿಗೆ ಲಂಡನ್ ಮುಗಿಯಿತು.

ಉಳಿದರ್ಧಕ್ಕೆ ಬ್ಯಾಂಕಿನ ಸಾಲವೇ ಆಗಬೇಕಿತ್ತು. ಅಡಮಾನಕ್ಕೆ ಇದ್ದದ್ದು ತಾತ ಅವ್ವನಿಗೆ ಬರೆದುಕೊಟ್ಟಿದ್ದ ಎರಡೆಕರೆ. ಅವ್ವ ತೀರಿಕೊಂಡು ನಾಲ್ಕು ವರ್ಷವಾದರೂ ಖಾತೆ ಅವಳ ಹೆಸರಿನಲ್ಲೇ ಇತ್ತು. ತಾಲ್ಲೂಕು ಕಚೇರಿಗೆ ಅಲೆದೆ. ಒಂದು ದಿನ ಗುಮಾಸ್ತರು ರಜೆ, ಇನ್ನೊಂದು ದಿನ ಸಾಹೇಬರು ಮೀಟಿಂಗು. ಅಂತೂ ಜಮೀನು ಅಪ್ಪ, ಅಕ್ಕ, ನಾನು, ಮೂವರ ಹೆಸರಿಗೆ ಬರುವಷ್ಟರಲ್ಲಿ ಚಪ್ಪಲಿಯ ಉಂಗುಷ್ಠ ಎರಡು ಸಲ ಕಿತ್ತಿತ್ತು. ಬ್ಯಾಂಕ್ ಮ್ಯಾನೇಜರು ಕಾಗದಗಳನ್ನೆಲ್ಲ ತಿರುವಿ ಹಾಕಿ, “ನಿಮ್ಮಕ್ಕನೂ ಬಂದು ಸಹಿ ಹಾಕ್ಬೇಕಮ್ಮ” ಎಂದರು.

ಅಕ್ಕನನ್ನು ಮಿರ್ಲೆಗೆ ಕೊಟ್ಟಿತ್ತು. ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದ ವರ್ಷವೇ ಅವಳ ಮದುವೆಯಾಗಿತ್ತು. ನಾನು ಹೋಗಿ ವಿಷಯ ಹೇಳಿದಾಗ ಉತ್ತರ ಕೊಟ್ಟದ್ದು ಭಾವ.

“ಎಣ್ಣುಡ್ಗಿ ಫಾರಿನ್‌ಗೋಗಿ ವಾಪಸ್ ಬರ್ನೇ ಇಲ್ಲ ಅಂದ್ರೆ ಜಮೀನು ವೋಯ್ತದಲ್ವಾ? ನೋಡಾನ ಬುಡು.”

ಅಕ್ಕ ನನ್ನ ಕೈಗೆ ಕಾಫಿ ಲೋಟ ಕೊಟ್ಟು ಒಳಗೆ ಹೋದಳು. ಮೂರು ಸಲ ಹೋದೆ, ಮೂರು ಸಲವೂ ಅದೇ ಮಾತು. ಸೀಟು ಉಳಿಸಿಕೊಳ್ಳಲು ವಿಶ್ವವಿದ್ಯಾಲಯಕ್ಕೆ ಮುಂಗಡ ಕಟ್ಟಲು ಹತ್ತು ದಿನ ಉಳಿದಿತ್ತು. ವಾಪಸು ಬರುವ ಬಸ್ಸಿನಲ್ಲಿ ಇದೆಲ್ಲ ಸಾಕು ಎಂದು ತೀರ್ಮಾನಿಸಿದೆ. ನಿಜ ಹೇಳಬೇಕೆಂದರೆ ದುಃಖಕ್ಕಿಂತ ನಿರಾಳವೇ ಹೆಚ್ಚಾಯಿತು. ಇನ್ನು ಯಾವ ಕಚೇರಿಯ ಬೆಂಚಿನ ಮೇಲೂ ಕೂರಬೇಕಾಗಿಲ್ಲ.

ಸೋಮವಾರ ಬೆಳಿಗ್ಗೆ ಅಕ್ಕ ಒಬ್ಬಳೇ ಬಂದಳು, ಹುಣಸೂರಿನಲ್ಲಿ ಬಸ್ಸು ಬದಲಿಸಿಕೊಂಡು.

“ನಡಿ ಬ್ಯಾಂಕ್‌ಗೆ.”

“ಭಾವ ಒಪ್ಪಿದ್ರಾ?”

“ಒಪ್ನಿಲ್ಲ. ಯೋಳೇ ಬಂದಿವ್ನಿ. ಜಮೀನು ನಮ್ಮವ್ವಂದು ಕಣೆ, ಅವರವ್ವಂದಲ್ಲ.”

ಬ್ಯಾಂಕಿನಲ್ಲಿ ಗುಮಾಸ್ತರು ಅವಳ ಸೀರೆ, ಮಣ್ಣು ಹಿಡಿದ ಉಗುರು ನೋಡಿ ಹೆಬ್ಬೆಟ್ಟಿನ ಶಾಯಿಯ ಡಬ್ಬಿಯನ್ನು ಮುಂದೆ ಸರಿಸಿದರು. ಅಕ್ಕ ಅದನ್ನು ಪಕ್ಕಕ್ಕಿಟ್ಟು ಪೆನ್ನು ಕೇಳಿದಳು. ಇಂಗ್ಲಿಷಿನಲ್ಲೇ ಬರೆದಳು. ವರ್ಷಗಟ್ಟಲೆ ಬರೆಯದ ಕೈ. ಎರಡನೇ ಹಾಳೆಯ ಸಹಿ ಮೊದಲಿನದನ್ನು ಹೋಲಲಿಲ್ಲ. ಮತ್ತೆ ಬರೆಯಿಸಿದರು. ಬರೆದು ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಕೇಳಿದಳು: “ಎಷ್ಟು ಕಾಲೇಜ್‌ಗೆ ಬರ್ದಿದ್ದೆ?”

“ಎಂಟು.”

“ನಾನೂ ಮೈಸೂರಿಂದ ಒಂದು ಫಾರಂ ತರಿಸಿದ್ದೆ. ಅಪ್ಪಂಗೆ ತೋರಿಸ್ನೇ ಇಲ್ಲ.”

ಅವಳು ತನ್ನ ಪಾಡಿಗೆ ತಿಂದು, ಮಧ್ಯಾಹ್ನದ ಬಸ್ಸಿಗೆ ಹೊರಟಳು.

ಮುಂಗಡ ಕಡೆಯ ದಿನಕ್ಕೆ ತಲುಪಿತು. ಹೋದೆ, ಚಳಿಯಲ್ಲಿ ಓದಿದೆ, ಸಂಜೆ ಹಾಸ್ಟೆಲಿನ ಅಡುಗೆಮನೆಯಲ್ಲಿ ತಟ್ಟೆ ತೊಳೆದೆ, ಪಾಸಾಗಿ ವಾಪಸು ಬಂದೆ. ಮೈಸೂರಿನಲ್ಲಿ ಮಣ್ಣು ಪರೀಕ್ಷೆಯ ಕೆಲಸ ಸಿಕ್ಕಿತು. ಸಾಲ ತೀರಲು ಆರು ವರ್ಷ ಹಿಡಿಯಿತು. ನಾನು ಬಂದ ಮೇಲೂ ಎರಡು ವರ್ಷ ಭಾವ ನನ್ನನ್ನು ಮನೆಗೆ ಕರೆಯಲಿಲ್ಲ.

ಕೊನೆಗೊಮ್ಮೆ ಕರೆದಾಗ ಮಿರ್ಲೆಯಲ್ಲಿ ನಾಟಿ ನಡೆಯುತ್ತಿತ್ತು. ಸಂಜೆ ಜಗಲಿಯಲ್ಲಿ ಅಕ್ಕ, “ಆ ಊರು ಎಂಗಿತ್ತು, ಯೋಳು” ಎಂದಳು. ಲೈಬ್ರರಿ, ಕಲ್ಲಿನ ಕಟ್ಟಡಗಳು, ನಾಲ್ಕು ಗಂಟೆಗೇ ಕತ್ತಲಾಗುವ ಚಳಿಗಾಲ, ಎಲ್ಲವನ್ನೂ ಉತ್ಸಾಹದಿಂದ ಹೇಳುತ್ತಾ ಹೋದೆ. ತಿರುಗಿ ನೋಡಿದರೆ ಅವಳು ಗೋಡೆಗೊರಗಿ ನಿದ್ದೆ ಹೋಗಿದ್ದಳು. ಬೆಳಗಿನಿಂದ ಕೆಸರಿನಲ್ಲಿ ಬಗ್ಗಿದ್ದವಳು.