ಸೂರಕ್ಕಿಗೆ ಬಿಟ್ಟ ಜೇಡರ ಬಲೆ

ಸೊಸೆ ಶಿರಸಿ ಪೇಟೆಯಿಂದ ಉದ್ದ ಕೋಲಿನ ಬ್ರಷ್ಷು ತಂದಿದ್ದಾಳೆ, ಜೇಡರ ಬಲೆ ತೆಗೆಯಲು. ಬೆಳಿಗ್ಗೆ ಬಾಗಿಲ ಹಿಂದೆ ಅದನ್ನು ನೋಡಿದ್ದೇ ನನಗೆ ಮೈಯೆಲ್ಲ ಉರಿಯಿತು. ಅವಳದೇನು ತಪ್ಪು, ಪಾಪ… ಸಿಟ್ಟು ಹಳೆಯದು.

ನಾನು ಮದುವೆಯಾಗಿ ತ್ಯಾಗಲಿಗೆ ಬಂದಾಗ ಪಕ್ಕದ ಮನೆಯಲ್ಲಿ ಒಬ್ಬರಿದ್ದರು. ನಾವೆಲ್ಲ ಚಿಕ್ಕಮ್ಮ ಎನ್ನುತ್ತಿದ್ದೆವು. ಜಗಲಿಯ ಬಲೆ ತೆಗೆಯುವುದಿಲ್ಲವೆಂದು ಊರಿಗೆ ಊರೇ ಅವರನ್ನು ಸೋಮಾರಿ ಎಂದಿತ್ತು. ನಾನೂ ಅಂದಿದ್ದೆ, ಸುಳ್ಳೇಕೆ. ಬಲೆ ಬಿಡುತ್ತಿದ್ದುದು ಸೂರಕ್ಕಿಗೆ ಎಂದು ಅವರು ಹೇಳಿದರೂ ನಾವು ನಗುತ್ತಿದ್ದೆವು. ಬೆರಳುದ್ದದ ಹಕ್ಕಿ, ಗಂಡಿನ ಬೆನ್ನು ಕಡುಗೆಂಪು, ಹೆಣ್ಣು ಮಾಸಲು ಹಸಿರು. ಹೂವಿದ್ದ ಕಡೆ ಹೋಗಿ, ಹಿತ್ತಲ ಮಾವಿನ ಮೇಲಿನ ಬಂದಳಿಕೆ ಹೂಬಿಟ್ಟಾಗ ತಿರುಗಿ ಬರುತ್ತಿತ್ತು. ಬಂದಳಿಕೆ ಮರವನ್ನು ತಿನ್ನುತ್ತದೆಂದು ಅವರ ಗಂಡ ಕತ್ತಿ ಹಿಡಿದರೆ ಚಿಕ್ಕಮ್ಮ ಅಡ್ಡ ನಿಲ್ಲುತ್ತಿದ್ದರು. ಗೂಡು ಕಟ್ಟುವುದು ಹೆಣ್ಣೊಂದೇ. ಜೇಡರ ಬಲೆಯೇ ಅದರ ನೂಲು. ಹೆಗ್ಗರಣೆ ಕಡೆ ಜಲಪಾತ ನೋಡಲು ಬಂದವನೊಬ್ಬ ಅದನ್ನು ಹಮ್ಮಿಂಗ್‌ಬರ್ಡ್ ಎಂದಾಗ ಚಿಕ್ಕಮ್ಮ, "ಅದು ಅಮೆರಿಕದಲ್ಲಿ ಇಪ್ಪದಡ. ಇದು ಕೂತ್ಕಂಡೇ ರಸ ಕುಡಿತು," ಎಂದಿದ್ದರು.

ಒಂದು ವರ್ಷ ಅವರ ಮಗಳನ್ನು ನೋಡಲು ಯಲ್ಲಾಪುರದಿಂದ ಜನ ಬರುವವರಿದ್ದರು. ಚಿಕ್ಕಮ್ಮ ಬೆಳಿಗ್ಗೆಯೇ ಸಿದ್ದಾಪುರದ ಪೇಟೆಗೆ ಹೋಗಿದ್ದರು. ಬಂದವರು ಬಲೆ ನೋಡಿ ಮೂಗು ಮುರಿದರೆ ಹುಡುಗಿಯ ಗತಿಯೇನು ಎಂದು ನಾನು ಉಪಕಾರಕ್ಕೆ ಹೊರಟೆ. ಹಾಳು ಉಪಕಾರ. ಬಲೆ ಕೊಡವಿದೆ, ಜಗಲಿ ಗುಡಿಸಿದೆ, ಮಲ್ಲಿಗೆ ಬಳ್ಳಿಗೆ ಜೋತುಬಿದ್ದಿದ್ದ ಒಣ ಎಲೆ, ತೊಗಟೆ ಚೂರುಗಳ ಮುದ್ದೆಯನ್ನೂ ಕಿತ್ತು ಕಸದ ಗುಂಡಿಗೆ ಎಸೆದೆ.

ಚಿಕ್ಕಮ್ಮ ಬಂದವರೇ ಬಳ್ಳಿ ನೋಡಿ ಗುಂಡಿಯತ್ತ ಓಡಿದರು. ಮುದ್ದೆಯೊಳಗೆ ಎರಡು ಮರಿ ಸತ್ತಿದ್ದವು, ಇನ್ನೂ ಕಣ್ಣು ಬಿಡದವು… ಹೆಣ್ಣು ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ಬಳ್ಳಿಯ ಸುತ್ತ ಹಾರುತ್ತಲೇ ಇತ್ತು.

"ಆನು ಕಸ ಅಂದ್ಕಂಡಿ," ಅಂದೆ.

"ಇರ್ಲಿ ಬಿಡೇ ಕೂಸೇ. ಜನ ಬಪ್ಪ ಹೊತ್ತಾತು, ಒಳಗೆ ಬಾ."

ಅಷ್ಟೇ. ಒಂದು ಮಾತು ಬೈಯಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ: ಬೈಯದ ಅವರ ಮೇಲೆ, ಕೇಳದೆ ಕೈಹಾಕಿದ ನನ್ನ ಮೇಲೆ, ಚೊಕ್ಕ ಚೊಕ್ಕ ಎಂದು ಸಾಯುವ ಊರಿನ ಮೇಲೆ. ಹಕ್ಕಿ ಮತ್ತೆ ಆ ಬಳ್ಳಿಗೆ ಬರಲಿಲ್ಲ. ಚಿಕ್ಕಮ್ಮ ಮಾತ್ರ ಬದುಕಿರುವಷ್ಟು ದಿನವೂ ಬಲೆ ಹಾಗೇ ಬಿಟ್ಟರು… ಈಗ ಅವರಿಲ್ಲ. ಅವರು ಹೋದಮೇಲೆ ನನ್ನ ಜಗಲಿಯ ಬಲೆಯನ್ನು ನಾನು ಮುಟ್ಟಿಲ್ಲ.

ಮಧ್ಯಾಹ್ನ ಸೊಸೆ ನಗುತ್ತ ಬಂದಳು. "ಅತ್ತೆ, ಜಗಲಿ ಬಲೆ ಎಲ್ಲಾ ತೆಗ್ದಿ. ಎಷ್ಟು ಚೊಕ್ಕ ಆತು ನೋಡಿ."

ಹೋಗಿ ನಮ್ಮ ಜಗಲಿಯ ಬಳ್ಳಿ ನೋಡಿದೆ, ನಮ್ಮ ಕಸದ ಗುಂಡಿಯನ್ನೂ ಕೆದಕಿದೆ. ಗೂಡೇನೂ ಇರಲಿಲ್ಲ. ಆದರೂ ಬಾಯಿಗೆ ಬಂದಂತೆ ಬೈದೆ. ಅವಳು ಅಡುಗೆಮನೆಗೆ ಹೋಗಿ ಅತ್ತಳು. ಅಳಲಿ. ಅವತ್ತು ನನ್ನನ್ನು ಯಾರೂ ಬೈದಿರಲಿಲ್ಲ.