ಸವಿತ ಪಾಸಾದ ಭಾನುವಾರ

ಕೊರೊನಾ ಮುಗಿದ ಮರುವರ್ಷದ ಮಾತು. ಬಿಸಿಎ ಮುಗಿಸಿದ್ದ ನಾನು ಮತ್ತು ಗೆಳತಿ ಸವಿತ ಸಾಗರದಲ್ಲಿ ಒಂದು ರೂಮು ಮಾಡಿಕೊಂಡಿದ್ದೆವು. ನನ್ನ ಊರು ಕಾರ್ಗಲ್ ಕಡೆ, ಅವಳದು ತೀರ್ಥಹಳ್ಳಿ ಹತ್ತಿರ. ಇಬ್ಬರೂ ಆನ್‌ಲೈನಿನಲ್ಲಿ ಕೋಡಿಂಗ್ ಕಲಿಯುತ್ತಿದ್ದೆವು. ಪ್ರತಿ ಭಾನುವಾರ ಒಂದು ಕ್ವಿಜ್ ಇರುತ್ತಿತ್ತು. ಇಪ್ಪತ್ತು ಪ್ರಶ್ನೆ, ಒಂದು ಗಂಟೆ, ಹದಿನಾಲ್ಕು ಸರಿಯಾದರೆ ಪಾಸು.

ನಾನು ಹೇಗೋ ದಾಟಿಕೊಳ್ಳುತ್ತಿದ್ದೆ. ಸವಿತ ಸತತ ಒಂಬತ್ತು ಭಾನುವಾರ ಫೇಲಾಗಿದ್ದಳು. ಅವಳು ಪಟ್ಟಷ್ಟು ಶ್ರಮ ನಾನಂತೂ ಪಟ್ಟಿಲ್ಲ. ಕುಕ್ಕರ್ ಕೂಗುವವರೆಗೂ ಒಲೆ ಪಕ್ಕ ನಿಂತು ಹಾಳೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಳು, ಹೊಡೆದು ಹಾಕುತ್ತಿದ್ದಳು. ಫೇಲಾದ ದಿನ ಮಾತ್ರ ಬಟ್ಟೆ ಒಗೆಯಲು ಕೂರುತ್ತಿದ್ದಳು. ಒಗೆದದ್ದನ್ನೇ ಮತ್ತೆ ಒಗೆಯುವಳು.

ಹತ್ತನೇ ಭಾನುವಾರ ಬೆಳಿಗ್ಗೆ ಅವಳು ಹೇಳಿದಳು: "ಹೊಸನಗರದಲ್ಲಿ ಒಂದು ಶಾಲೆಗೆ ಕಂಪ್ಯೂಟರ್ ಟೀಚರ್ ಬೇಕಂತೆ. ನಾಳೆ ಒಳಗೆ ಹೇಳ್ಬೇಕು. ಇವತ್ತೂ ಆಗದಿದ್ರೆ ಹೋಗಿಬಿಡ್ತೀನಿ ಕಣೇ. ಇದು ನನ್ನ ತಲೆಗೆ ಹತ್ತೋದಲ್ಲ."

ಇದ್ದದ್ದು ಒಂದೇ ಲ್ಯಾಪ್‌ಟಾಪ್, ನನ್ನದು. ಬೆಳಿಗ್ಗೆ ನಾನು ಕ್ವಿಜ್ ಮುಗಿಸಿ ಪಾಸಾಗಿದ್ದೆ. ಮಧ್ಯಾಹ್ನ ಅವಳು ಕೂತಳು. ಇಪ್ಪತ್ತಕ್ಕೂ ಉತ್ತರ ಗುರುತು ಮಾಡಿದಾಗ ಇನ್ನೂ ಕಾಲು ಗಂಟೆ ಉಳಿದಿತ್ತು. ಆದರೆ ಸಬ್‌ಮಿಟ್ ಒತ್ತಲು ಅವಳಿಗೆ ಕೈ ಬರಲಿಲ್ಲ.

"ನನ್ನ ಕೈಗುಣ ಸರಿ ಇಲ್ಲ ಮಾರಾಯ್ತಿ. ನೀನು ಹೆಪ್ಪು ಹಾಕಿದ್ರೆ ಮೊಸರು ಗಟ್ಟಿ ಆಗುತ್ತೆ, ನೀನು ನೆಟ್ಟ ಕಡ್ಡಿನೂ ಚಿಗುರುತ್ತೆ. ನೀನೇ ಒತ್ತು" ಎಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತಳು.

ನನಗೆ ಅದೇನು ಬುದ್ಧಿ ಬಂತೋ. ಬೆಳಿಗ್ಗೆ ನನಗೂ ಅವೇ ಪ್ರಶ್ನೆಗಳು ಬಂದಿದ್ದವು, ಮುಗಿದ ಮೇಲೆ ಪರದೆಯಲ್ಲಿ ಕಂಡ ಸರಿಯುತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನು ನೋಡಿಕೊಂಡು, ಅವಳು ಗುರುತು ಮಾಡಿದ್ದರ ಮೇಲೇ, ಮೊದಲಿನಿಂದ ಕೊನೆಯವರೆಗೆ ಒಂದೊಂದಾಗಿ ಒತ್ತುತ್ತಾ ಹೋದೆ. ಅನುಮಾನ ಬಾರದಿರಲಿ ಎಂದು ಎರಡನ್ನು ಬೇಕೆಂದೇ ತಪ್ಪು ಮಾಡಿದೆ. ಆಮೇಲೆ ಸಬ್‌ಮಿಟ್ ಒತ್ತಿ ಅವಳನ್ನು ಕೂಗಿದೆ.

ಹದಿನೆಂಟು! ಸವಿತ ನನ್ನನ್ನು ಅಪ್ಪಿಕೊಂಡು ಗಳಗಳನೆ ಅತ್ತಳು. "ನಿನ್ನ ಕೈಗುಣ ಅಂದ್ರೆ ಕೈಗುಣ" ಎಂದಳು. ಸಂಜೆ ಆ ಶಾಲೆಗೆ ಫೋನ್ ಮಾಡಿ ಬರುವುದಿಲ್ಲ ಎಂದು ಹೇಳಿಬಿಟ್ಟಳು. ನಾನು ಪಕ್ಕದಲ್ಲೇ ಬೀನ್ಸ್ ಸೋಸುತ್ತಿದ್ದೆ. ಆಗಲೇ ಹೇಳಬಹುದಿತ್ತು, ಹೇಳಲಿಲ್ಲ. ಹೇಗೂ ಧೈರ್ಯ ಬಂದಿದೆ, ಇನ್ನು ಕಲಿತುಕೊಳ್ಳುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅವಳು ಮತ್ತೆ ಪಾಸಾಗಲಿಲ್ಲ. ನನಗೆ ಸಾಗರದಲ್ಲೇ ಸಣ್ಣ ಕೆಲಸ ಸಿಕ್ಕಿತು. ಅವಳು ಊರಿಗೆ ಹೋಗಿ ಮೂರು ವರ್ಷ ಒಂದಾದ ಮೇಲೊಂದು ಕಂಪನಿಯ ಟೆಸ್ಟ್ ಬರೆದಳು, ಎಲ್ಲದರಲ್ಲೂ ಫೇಲಾದಳು. ಹೋದ ವರ್ಷ ನೋಡಲು ಹೋದಾಗ ಸೊರಗಿ ಕಡ್ಡಿಯಾಗಿದ್ದಳು.

"ಬಿಟ್ಬಿಡೋಣ ಅನ್ಸುತ್ತೆ. ಆದ್ರೆ ಆ ಭಾನುವಾರ ಹದಿನೆಂಟು ತೆಗ್ದಿದ್ದು ನಾನೇ ಅಲ್ದಾ? ಅದನ್ನ ನೆನೆಸ್ಕಂಡು ಮತ್ತೆ ಕೂರ್ತೀನಿ" ಎಂದಳು.

ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ತಾನು ಕೂತ ಚಾಪೆಯನ್ನು ಸವರಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ನಾನು ಹಾಕಿದ್ದರಲ್ಲಿ ಎಷ್ಟು ಸರಿ ಇತ್ತು?"

ನೋಟ್‌ಬುಕ್ಕಿನ ಮೇಲೇ ಕಣ್ಣಿಟ್ಟಿದ್ದ ನಾನು ಅವಳ ಉತ್ತರಗಳನ್ನು ಗಮನಿಸಿಯೇ ಇರಲಿಲ್ಲ. ಎಂಟಿತ್ತೋ, ಹದಿನಾಲ್ಕೇ ಇತ್ತೋ, ಇನ್ನು ಯಾರಿಗೂ ತಿಳಿಯುವಂತಿಲ್ಲ.

"ನೋಡ್ಲಿಲ್ಲ ಸವಿತ" ಎಂದೆ. ಅವಳು "ಹೌದಾ" ಎಂದಷ್ಟೇ ಹೇಳಿ ಒಳಗೆ ಹೋಗಿ ಊಟಕ್ಕೆ ಬಡಿಸಿದಳು. ಈಗಲೂ ಫೋನ್ ಮಾಡಿದರೆ ಮಾತಾಡುತ್ತಾಳೆ. ಅವಳಿಗೆ ಧೈರ್ಯ ತುಂಬಿದ್ದೇನೆ ಎಂದು ನಾನು ಅಷ್ಟು ವರ್ಷ ನಂಬಿದ್ದೆ. ಅವಳು ಪಾಸಾಗಬಲ್ಲಳು ಎಂಬ ನಂಬಿಕೆ ಆ ದಿನ ನನಗೇ ಇರಲಿಲ್ಲ.